ಕೊಟ್ಟರಾಯಿತೇ, ಪಡೆಯುವವರು ಬೇಡವೇ?

ಇಂಗ್ಲಿಷ್ ವ್ಯಾಕರಣದ ಪಾಠದಲ್ಲಿ ಡೈರೆಕ್ಟ್ ಆಬ್ಜೆಕ್ಟಿಗಿರುವ ಮರ್ಯಾದೆ ಇನ್‌ಡೈರೆಕ್ಟ್ ಆಬ್ಜೆಕ್ಟಿಗಿಲ್ಲ. ‘ಐ ಸೆಂಟ್ ಮೇರಿ ಎ ಲೆಟರ್’ ಎಂಬಲ್ಲಿ ಏನನ್ನು ಕಳಿಸಿದ್ದು ಎಂದು ಕೇಳಿದರೆ ಕಾಗದ, ಅದು ನೇರ ಕರ್ಮ. ಯಾರಿಗೆ ಎಂದರೆ ಮೇರಿ, ಆಕೆ ಪರೋಕ್ಷ ಕರ್ಮ. ಪಾಠ ಅಲ್ಲಿಗೆ ಮುಗಿಯುತ್ತದೆ. ಆದರೆ ಮೇರಿಯ ಜಾಗದಲ್ಲಿ ಲಂಡನ್ ಇಟ್ಟು ನೋಡಿ. ‘ಐ ಸೆಂಟ್ ಎ ಲೆಟರ್ ಟು ಲಂಡನ್’ ಸರಿ. ‘ಐ ಸೆಂಟ್ ಲಂಡನ್ ಎ ಲೆಟರ್’ ಎಂದರೆ ಇಂಗ್ಲಿಷರ ಕಿವಿಗೆ ಒಗ್ಗದು, ಲಂಡನ್ ಎಂದರೆ ಅಲ್ಲಿನ ಕಚೇರಿ ಎಂದುಕೊಂಡರೆ ಮಾತ್ರ ಒಗ್ಗೀತು. ಕಾಗದ ಊರನ್ನು ಮುಟ್ಟಬಹುದು, ಊರು ಅದನ್ನು ತನ್ನದಾಗಿಸಿಕೊಳ್ಳಲಾರದು. ಪಡೆಯಬಲ್ಲವರಿಲ್ಲದೆ ಕೊಡುವುದು ಪೂರ್ತಿಯಾಗದು ಎಂಬ ಧರ್ಮವಿಚಾರ ಈ ಸಣ್ಣ ನಿಯಮದಲ್ಲೇ ಅಡಗಿದೆ.

ಸಂಸ್ಕೃತ ವ್ಯಾಕರಣದಲ್ಲಿ ಪಾಣಿನಿ ಪಡೆಯುವವರ ಈ ಪಾತ್ರವನ್ನು ಸಂಪ್ರದಾನ ಎಂದ: ಕರ್ತೃ ತನ್ನ ಕರ್ಮದಿಂದ ಯಾರನ್ನು ಉದ್ದೇಶಿಸುತ್ತಾನೋ ಅವರು. ಅಗಸನಿಗೆ ಬಟ್ಟೆ ಕೊಟ್ಟರೆ ಅದು ವಾಪಸ್ ಬರಬೇಕು, ಒಡೆತನ ಬದಲಾಗದು. ಹಾಗಾಗಿ ಅಲ್ಲಿ ಸಂಪ್ರದಾನಕ್ಕೆ ಬರುವ ಚತುರ್ಥಿ ವಿಭಕ್ತಿ (‘ಅಗಸನಿಗೆ’) ಬೇಡ, ಷಷ್ಠಿ (‘ಅಗಸನ’) ಸಾಕು ಎಂದು ಕೆಲವು ವ್ಯಾಖ್ಯಾನಕಾರರು ವಾದಿಸಿದರು. (ಕನ್ನಡಕ್ಕೆ ಈ ತಕರಾರಿಲ್ಲ, ಅಗಸನಿಗೂ ‘ಗೆ’ಯೇ.) ಹಾಗಾದರೆ ವ್ಯಾಕರಣಗ್ರಂಥ ಮಹಾಭಾಷ್ಯದಲ್ಲಿ ಚತುರ್ಥಿಯಲ್ಲೇ ಹೇಳಿರುವ, ಉಪಾಧ್ಯಾಯ ಶಿಷ್ಯನಿಗೆ ಕೊಡುವ ಕಪಾಳಮೋಕ್ಷದ ಗತಿಯೇನು, ಏಟಿಗೆ ಎಂಥ ಒಡೆತನ ಎಂದು ಎದುರುವಾದಿ ಕೇಳುತ್ತಾನೆ. ಒಡೆತನವಿಲ್ಲ, ಒಪ್ಪುತ್ತೇನೆ, ಆದರೂ ಆ ಉರಿ ಶಿಷ್ಯನ ಕೆನ್ನೆಯದೇ, ಬೇರೆ ಯಾರದೂ ಅಲ್ಲ.

ಗಟ್ಟಿ ಆಕ್ಷೇಪ ಯಜ್ಞವಿಧಿಗಳನ್ನು ವಿಚಾರಿಸುವ ಮೀಮಾಂಸಕರದು. ದೇವತೆಗೆ ಶರೀರವಿಲ್ಲ, ಹವಿಸ್ಸನ್ನು ಉಣ್ಣುವುದಿಲ್ಲ, ಆಸ್ತಿಯ ಒಡೆತನವೂ ಇಲ್ಲ ಎಂದ ಅವರಲ್ಲೊಬ್ಬನಾದ ಶಬರಸ್ವಾಮಿ. ಅಗ್ನಿಗೆ ಎಂದು ಚತುರ್ಥಿಯಲ್ಲಿ ಹೇಳಿ ದ್ರವ್ಯವನ್ನು ಬಿಟ್ಟರೆ ಯಾಗವಾಯಿತು. ಪಡೆಯುವವರೇ ಇಲ್ಲದೆ ಕೊಡಬಹುದು ಎಂದಾಯಿತಲ್ಲ? ಆಗಲಿಲ್ಲ. ಅದೇ ಮೀಮಾಂಸಕರು ಯಾಗವನ್ನೂ ದಾನವನ್ನೂ ಬೇರೆ ಮಾಡಿದ್ದಾರೆ: ಯಾಗಕ್ಕೆ ತ್ಯಾಗ ಸಾಕು, ದಾನಕ್ಕೆ ವಸ್ತು ಇನ್ನೊಬ್ಬರದಾಗಬೇಕು.

ವೈಯಾಕರಣ ಭರ್ತೃಹರಿಯ ವಿಂಗಡಣೆ ಇಲ್ಲಿ ಹೆಚ್ಚು ಹರಿತ. ಬೇಡಿ ಪಡೆಯುವವರು, ಒಪ್ಪಿ ಪಡೆಯುವವರು, ಸುಮ್ಮನೆ ನಿರಾಕರಿಸದವರು ಎಂದು ಸಂಪ್ರದಾನ ಮೂರು ಬಗೆ. ಮೂರನೆಯದಕ್ಕೆ ವ್ಯಾಖ್ಯಾನಕಾರರು ಕೊಡುವ ಉದಾಹರಣೆ ಅರ್ಘ್ಯ ಪಡೆಯುವ ಸೂರ್ಯ. ಬ್ಯಾನರ್ ಕಟ್ಟಿ, ಸಾಲಿನಲ್ಲಿ ನಿಲ್ಲಿಸಿ, ಫೋಟೋ ತೆಗೆಸಿಕೊಂಡು ದಿನಸಿ ಕಿಟ್ ಹಂಚುವವರು ಪಡೆಯುವವರನ್ನು ಈ ಮೂರನೆಯ ಬಗೆಗೆ ಸೇರಿಸಿಬಿಡುತ್ತಾರೆ. ಸೂರ್ಯನಿಗೆ ಬೇಡ ಎನ್ನಲು ಬಾರದು. ಸಾಲಿನಲ್ಲಿ ನಿಂತವರಿಗೆ ಬರುತ್ತದೆ. ಆದರೆ ಮನೆಯಲ್ಲಿ ಅಕ್ಕಿ ಮುಗಿದಿರುತ್ತದೆ.