ಗುರುತು ಕೇಳುವ ಹಕ್ಕು

ಸರಕಾರವು ಪ್ರಜೆಯ ಗುರುತು ಕೇಳುವುದು ತಪ್ಪೇ? ಕೇಂದ್ರ ಸರಕಾರ ಕೇಳಿದಾಗ ರಾಜ್ಯವೊಂದು 'ಕೊಡುವುದಿಲ್ಲ' ಎಂದರೆ ಅದು ಅವಿಧೇಯತೆಯೇ? ಇದು ರಾಜಕಾರಣಿಗಳ ಜಗಳ, ನಮಗೇನು ಎನ್ನುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಆದರೆ ಇದರ ಬೇರು ಇರುವುದು ನ್ಯಾಯದಲ್ಲಿ. ನ್ಯಾಯದ ವಿಷಯದಲ್ಲಿ ಸತ್ಯವಿಶ್ವಾಸಿ 'ನನಗೇನು' ಎನ್ನುವಂತಿಲ್ಲ.

ಜಗಳವೂ ಹೊಸತಲ್ಲ. ಭಾವಚಿತ್ರವಿರುವ ಗುರುತಿನ ಚೀಟಿಗಳನ್ನು ಕೊಡದಿದ್ದರೆ 1995ರ ಜನವರಿ 1ರ ನಂತರ ಚುನಾವಣೆಯೇ ಇಲ್ಲ ಎಂದು ಮುಖ್ಯ ಚುನಾವಣಾ ಆಯುಕ್ತ ಟಿ.ಎನ್. ಶೇಷನ್ ಪಟ್ಟು ಹಿಡಿದಾಗ, ಹಲವು ರಾಜ್ಯಗಳು ಖರ್ಚಿನ ಮತ್ತು ಸಮಯದ ಕಾರಣ ಹೇಳಿ ಪ್ರತಿಭಟಿಸಿದವು. 2017ರಲ್ಲಿ ಪಶ್ಚಿಮ ಬಂಗಾಳವು ಆಧಾರ್ ಕಡ್ಡಾಯದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು. ಸಂಸತ್ತಿನ ಕಾನೂನನ್ನು ರಾಜ್ಯವು ಹೀಗೆ ಪ್ರಶ್ನಿಸುವುದು ಹೇಗೆ, ಬೇಕಾದರೆ ಮುಖ್ಯಮಂತ್ರಿ ಒಬ್ಬ ವ್ಯಕ್ತಿಯಾಗಿ ಬರಲಿ ಎಂದಿತು ಕೋರ್ಟು.

ಆ ವ್ಯಕ್ತಿಯ ದಾರಿಯನ್ನು ನಮ್ಮ ಬೆಂಗಳೂರಿನ ಒಬ್ಬ ವೃದ್ಧರು ಅಷ್ಟರಲ್ಲಾಗಲೇ ಹಿಡಿದಿದ್ದರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಅರ್ಜಿ ಹಾಕಿದರು. ಖಾಸಗಿತನವು ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ ತೀರ್ಪಿತ್ತರು. ಮರುವರ್ಷ ಸೆಪ್ಟೆಂಬರ್ 26ರಂದು ಆಧಾರ್ ಕಾನೂನು ಬಹುಮತದಿಂದ ಉಳಿಯಿತು. ಬ್ಯಾಂಕ್ ಖಾತೆಗೂ ಮೊಬೈಲಿಗೂ ಅದರ ಕಡ್ಡಾಯ ಹೋಯಿತು. ಅವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಗೆದ್ದರೆನ್ನಬೇಕೋ ಸೋತರೆನ್ನಬೇಕೋ ನಾನರಿಯೆ. ಆ ವಯಸ್ಸಿನಲ್ಲಿ ನಮ್ಮ ಹಿರಿಯರು ಪಿಂಚಣಿಯ ಚಿಂತೆ ಬಿಟ್ಟು ಬೇರೆ ಮಾತಾಡುವುದು ಅಪರೂಪ.

2019ರ ಡಿಸೆಂಬರಿನಲ್ಲಿ ಬಂಗಾಳ ಮತ್ತು ಕೇರಳ ರಾಷ್ಟ್ರೀಯ ಜನಸಂಖ್ಯಾ ನೋಂದಣಿಯ ಕೆಲಸವನ್ನು ನಿಲ್ಲಿಸಿದವು. ಮನೆ ಮನೆಗೆ ಹೋಗಿ ಬರೆದುಕೊಳ್ಳುವವರು ಹೆಚ್ಚಾಗಿ ರಾಜ್ಯದ ಶಿಕ್ಷಕರು. ರಾಜ್ಯ ಕೈಕಟ್ಟಿ ಕುಳಿತರೆ ಕೇಂದ್ರದ ಕಾಗದ ಮೇಜಿನ ಮೇಲೆಯೇ ಉಳಿಯುತ್ತದೆ. ಅವುಗಳ ಭಯಕ್ಕೆ ಆಧಾರವಿತ್ತು. 2003ರ ನಿಯಮಗಳ ಪ್ರಕಾರ ಸ್ಥಳೀಯ ಅಧಿಕಾರಿಯು ಯಾರ ಪೌರತ್ವವನ್ನಾದರೂ ಸಂಶಯಾಸ್ಪದವೆಂದು ಗುರುತಿಸಬಹುದು. ಅಸ್ಸಾಮಿನ ಪೌರರ ಪಟ್ಟಿಯಿಂದ ಅದೇ ವರ್ಷ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದಿದ್ದರು.

ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯವನ್ನು ಗಮನಿಸಿರಿ. ಜನಾಂಗ, ಗೋತ್ರಗಳಿರುವುದು ಮನುಷ್ಯರು ಒಬ್ಬರನ್ನೊಬ್ಬರು ಅರಿಯುವುದಕ್ಕೆ ಎಂದು ಅದರ 13ನೆಯ ವಚನ ತಿಳಿಸುತ್ತದೆ. ಅದಕ್ಕೆ ಮೊದಲಿನ ವಚನವೇ ಗುಮಾನಿಯನ್ನೂ ಇತರರ ಗುಟ್ಟು ಕೆದಕುವುದನ್ನೂ ನಿಷೇಧಿಸುತ್ತದೆ. ಅರಿಯುವುದು ಬೇರೆ, ಕೆದಕುವುದು ಬೇರೆ. ಹಾಗೆಂದು ಪಟ್ಟಿ ಬರೆಯುವುದೇ ಪಾಪವಲ್ಲ. ಹಝ್ರತ್ ಉಮರ್(ರ) ದೀವಾನ್ ಸ್ಥಾಪಿಸಿ ಜನರ ಹೆಸರು ಬರೆಸಿದರು, ಹೆಸರಿಗೆ ತಕ್ಕಂತೆ ವೇತನ ಗೊತ್ತುಮಾಡಿದರು. ಮೊಲೆಹಾಲು ಬಿಟ್ಟ ಮಕ್ಕಳಿಗೆ ಮಾತ್ರ ವೇತನ ಎಂಬುದು ಆಗಿನ ನಿಯಮ. ಒಂದು ರಾತ್ರಿ ಮದೀನಾದ ಅಂಚಿನಲ್ಲಿ ತಂಗಿದ್ದ ಪ್ರಯಾಣಿಕರ ನಡುವೆ ಮಗುವೊಂದು ಬಿಡದೆ ಅಳುವುದು ಅವರಿಗೆ ಕೇಳಿಸಿತು. ವೇತನಕ್ಕಾಗಿ ತಾಯಿ ಅವಧಿಗೆ ಮೊದಲೇ ಹಾಲು ಬಿಡಿಸುತ್ತಿದ್ದಳು. ಎದುರಿಗೆ ನಿಂತವರು ಖಲೀಫರೆಂದು ಆಕೆಗೆ ತಿಳಿದಿರಲಿಲ್ಲ. ಫಜ್ರ್ ನಮಾಝಿನಲ್ಲಿ ಅವರ ಅಳುವಿನಿಂದ ಓದು ಜನರಿಗೆ ಸ್ಪಷ್ಟವಾಗಿ ಕೇಳಲಿಲ್ಲವಂತೆ. ಹುಟ್ಟಿದ ಮಗುವಿನಿಂದಲೇ ವೇತನ ಎಂದು ಅಂದೇ ಸಾರಿದರು.

ನಿಯಮದಿಂದ ಮಗು ಅಳುವಾಗ ನಿಯಮವನ್ನು ಪ್ರಶ್ನಿಸುವುದು ದ್ರೋಹವಲ್ಲ. ಆದರೆ ಅದನ್ನು ಬಹಿರಂಗವಾಗಿ, ಸತ್ಯದಿಂದ ಮಾಡಬೇಕು. ಸುಳ್ಳು ವಿಳಾಸ ಕೊಟ್ಟು ಪಡಿತರ ಚೀಟಿ ಮಾಡಿಸುವುದಕ್ಕೆ ಪ್ರತಿರೋಧವೆಂಬ ಹೆಸರು ಸಲ್ಲದು.

ಇಷ್ಟೆಲ್ಲ ಬರೆಯುವ ನಾನು ಕೆಲವು ವರ್ಷಗಳ ಹಿಂದೆ ಹೊಸಹಳ್ಳಿಯಲ್ಲಿ ರಮಝಾನ್ ಕಿಟ್ ಹಂಚುವ ಮೇಜಿನ ಹಿಂದೆ ಕುಳಿತಿದ್ದೆ. ಆಧಾರ್ ಜೆರಾಕ್ಸ್ ತಂದವರಿಗೆ ಮಾತ್ರ ಎಂದು ನಾವೇ ನಿಯಮ ಮಾಡಿದ್ದೆವು. ಅದರ ಅವಶ್ಯಕತೆಯಿದೆ ಎಂದು ವಾದಿಸಿದವನೂ ನಾನೇ. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದಿದ್ದ ಹೆಂಗಸೊಬ್ಬಳು ಕೂಸನ್ನು ಎತ್ತಿಕೊಂಡು ಸಾಲಿನಲ್ಲಿ ನಿಂತಿದ್ದಳು. 'ಕಾರ್ಡ್ ಊರಾಗ ಐತ್ರಿ ಭಾಯ್' ಎಂದಳು. 'ತರಿಸಿಕೊಂಡು ಬಾಮ್ಮ' ಎಂದೆ. ಅವಳು ಮರುಮಾತಾಡದೆ ಹೋದಳು.

ಅವಳು ಯಾರೆಂದು ನನಗೆ ಗೊತ್ತಿಲ್ಲದಿರಲಿಲ್ಲ. ಫಜ್ರ್‌ಗೆ ಹೋಗುವಾಗ ಎದುರಿನ ಕಟ್ಟಡದ ತಗಡಿನ ಶೆಡ್ಡಿನ ಮುಂದೆ ಅವಳು ಒಲೆ ಹಚ್ಚುವುದನ್ನು ದಿನವೂ ನೋಡುತ್ತಿದ್ದೆ.

ಮರುವರ್ಷ ನಾವು ಆ ನಿಯಮವನ್ನು ತೆಗೆದೆವು. ಒಂದಿಬ್ಬರು ಎರಡೆರಡು ಕಿಟ್ ಒಯ್ದರೆಂದು ಕಮಿಟಿಯಲ್ಲಿ ಆಕ್ಷೇಪವೂ ಬಂತು. ಅಷ್ಟರಲ್ಲಿ ಕಟ್ಟಡ ಮುಗಿದು ಶೆಡ್ಡನ್ನು ಕಿತ್ತಿದ್ದರು.