ನಕ್ಷೆ ತಪ್ಪಿದ ದಾರಿ

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಕುದುರೆ ಸವಾರನಿಗೆ ಹಾದಿಗೇನು ಬರ ಎಂದುಕೊಳ್ಳುತ್ತೇವೆ. ಬರ ಇದೆ. ಹೊಲ, ಹುಲ್ಲುಗಾವಲು, ಕಾಡುಗಳ ನಡುವೆ ಹಾಯುವ ಸಾರ್ವಜನಿಕ ಹಾದಿಗಳಿಗೆ ಅಲ್ಲಿ ದರ್ಜೆಗಳುಂಟು. ಕಾಲುದಾರಿಯಲ್ಲಿ ನಡೆಯುವವರಿಗಷ್ಟೇ ಹಕ್ಕು. ‘ಬ್ರೈಡಲ್‌ವೇ’ ಎಂಬ ಹಾದಿಯಲ್ಲಿ ಕುದುರೆ ಏರಿ ಹೋಗಬಹುದು. 1968ರಿಂದ ಸೈಕಲ್ಲಿಗೂ ಅವಕಾಶವಿದೆ. ಕುದುರೆಗಾಡಿಗೆ ಅದೂ ಆಗದು, ‘ಬೈವೇ’ಯೇ ಬೇಕು. ಇಡೀ ಹಾದಿಜಾಲದಲ್ಲಿ ಸವಾರರ ಪಾಲಿಗಿರುವುದು ಶೇ 22, ಗಾಡಿ ಹೊಡೆಯುವವರ ಪಾಲಿಗೆ ಬರೀ ಶೇ 5. ಇದ್ದಷ್ಟೂ ತುಂಡುತುಂಡು. ಒಂದು ಮುಗಿದು ಮತ್ತೊಂದು ಸಿಗುವವರೆಗೆ ಡಾಂಬರು ರಸ್ತೆಯೇ ಗತಿ. ಲಾರಿಯ ಸದ್ದಿಗೆ ಕುದುರೆ ಬೆದರಿತೆಂದರೆ ಸವಾರನ ಜೀವಕ್ಕೆ ಸಂಚಕಾರ. ಕುದುರೆಯನ್ನು ದಾಟುವ ವಾಹನ ಗಂಟೆಗೆ 10 ಮೈಲಿ ಮೀರಬಾರದು, ಕನಿಷ್ಠ 2 ಮೀಟರ್ ಅಂತರ ಬಿಡಬೇಕು ಎಂದು 2022ರ ಜನವರಿಯಲ್ಲಿ ಬ್ರಿಟನ್ನಿನ ಸಂಚಾರ ನಿಯಮಾವಳಿಗೆ ಸೇರಿಸಿದರು. ಒಳ್ಳೆಯ ಮಾತೇ. ಆದರೆ ರಸ್ತೆಗೆ ಇಳಿಯುವ ಪ್ರಮೇಯವೇ ಬಾರದಿದ್ದರೆ ಇನ್ನೂ ಒಳ್ಳೆಯದು.

ಹಾಗೆಂದು ಅಲ್ಲಿ ಹಳೆಯ ಹಾದಿಗಳಿಗೆ ಕೊರತೆಯಿರಲಿಲ್ಲ. ಅವುಗಳ ಅಧಿಕೃತ ನಕ್ಷೆ ತಯಾರಾಗಬೇಕೆಂದು 1949ರ ಕಾಯ್ದೆ ಹೇಳಿತು. ಹಳ್ಳಿಹಳ್ಳಿಗಳಲ್ಲಿ ಸಮೀಕ್ಷೆ ನಡೆಯಿತು. ಕುದುರೆ, ಗಾಡಿ ತಿರುಗುತ್ತಿದ್ದ ಎಷ್ಟೋ ಹಾದಿಗಳು ಕಾಲುದಾರಿ ಎಂದು ದಾಖಲಾದವು, ಎಷ್ಟೋ ಬಿಟ್ಟೇ ಹೋದವು. ಒಮ್ಮೆ ಸಾರ್ವಜನಿಕವಾದ ದಾರಿ ಎಂದೆಂದಿಗೂ ಸಾರ್ವಜನಿಕವೇ ಎಂಬುದು ಅಲ್ಲಿನ ಕಾನೂನಿನ ಹಳೆಯ ಸೂತ್ರ. ಜನ ಓಡಾಡದೆ ಬಿಟ್ಟರೂ ಹಕ್ಕು ಸಾಯದು. 2000ದ ಕಾಯ್ದೆ ಆ ಸೂತ್ರಕ್ಕೇ ಗಡುವು ಹಾಕಿತು. 1949ಕ್ಕೂ ಹಿಂದಿನ, ನಕ್ಷೆಗೆ ಏರದ ಹಕ್ಕುಗಳು 2026ರ ಜನವರಿ 1ಕ್ಕೆ ಮುಗಿದುಹೋಗಬೇಕಿತ್ತು.

ಸವಾರರು ಜೀನು ಇಳಿದು ದಫ್ತರಖಾನೆ ಹೊಕ್ಕರು. ಬ್ರಿಟಿಷ್ ಹಾರ್ಸ್ ಸೊಸೈಟಿ ಸ್ವಯಂಸೇವಕರನ್ನು ಅಣಿಗೊಳಿಸಿತು. ಬಯಲು ಭೂಮಿಗೆ ಬೇಲಿ ಬಿದ್ದ ಕಾಲದ ಹಂಚಿಕೆ ಪತ್ರಗಳು, ಚರ್ಚಿಗೆ ಸಲ್ಲುತ್ತಿದ್ದ ದಶಾಂಶ ತೆರಿಗೆಯ ನಕ್ಷೆಗಳು, 1910ರ ಭೂತೆರಿಗೆ ನಕ್ಷೆಗಳು ಧೂಳು ಕೊಡವಿಕೊಂಡು ಹೊರಬಂದವು. 1910ರ ನಕ್ಷೆಯಲ್ಲಿ ತೆರಿಗೆ ಬೀಳುವ ಜಮೀನಿಗೆ ಬಣ್ಣದ ಎಲ್ಲೆ. ಸಾರ್ವಜನಿಕ ದಾರಿಯನ್ನು ಬಹುಮಟ್ಟಿಗೆ ಬಿಳಿಯಾಗಿಯೇ ಬಿಟ್ಟಿದ್ದರು. ತೆರಿಗೆಯವರು ಬಣ್ಣ ಹಚ್ಚದೆ ಬಿಟ್ಟ ಆ ಜಾಗವೇ ನೂರು ವರ್ಷದ ಮೇಲೆ ಸಾಕ್ಷಿ ನುಡಿಯಿತು. ಅರ್ಜಿಗಳು ಗುಡ್ಡೆ ಬಿದ್ದವು. ಗಡುವು 2023ರಲ್ಲಿ 2031ಕ್ಕೆ ಸರಿಯಿತು. ಅದನ್ನು ತೆಗೆದೇ ಹಾಕುವುದಾಗಿ 2024ರ ಡಿಸೆಂಬರಿನಲ್ಲಿ ಸರ್ಕಾರ ಹೇಳಿತು.

ಕಾಗದದ ಜೊತೆಗೆ ಗೊರಸಿನ ಗುರುತೂ ಬೇಕು. ಹಾದಿಗಳು ಎಷ್ಟು ಹದಗೆಟ್ಟಿವೆ ಎಂದು ತೋರಿಸಲು ಮೇರಿ ಟೌನ್ಲಿ ಎಂಬ ಸವಾರೆ 1986ರಲ್ಲಿ ಉತ್ತರದ ಹೆಕ್ಸ್‌ಹ್ಯಾಮಿನಿಂದ ಡರ್ಬಿಶೈರಿನ ಆಶ್‌ಬೋರ್ನ್‌ವರೆಗೆ ಸುಮಾರು 250 ಮೈಲಿ ಸವಾರಿ ಮಾಡಿದರು. ಇಂದಿನ ಪೆನ್ನೈನ್ ಬ್ರೈಡಲ್‌ವೇಗೆ ಆ ಪಯಣವೇ ಪ್ರೇರಣೆ. ಅದರ 47 ಮೈಲಿಗಳ ಒಂದು ಸುತ್ತುಹಾದಿಗೆ ಅವರದೇ ಹೆಸರು. ಅಲ್ಲಿನ ರೈತರ ಅಳಲೂ ಸುಳ್ಳಲ್ಲ. ಗೊರಸು ಕಲಸಿದ ಕೆಸರು, ಹಾಕದೆ ಬಿಟ್ಟ ಗೇಟು, ಬೆದರುವ ದನ. ದಾರಿ ಎಲ್ಲಿಂದ ಎಲ್ಲಿಗೆ, ಎಷ್ಟು ಅಗಲ ಎಂಬುದು ನಿಖರವಾಗಿದ್ದರೆ ಅರ್ಧ ಜಗಳ ಅಲ್ಲಿಗೇ ತೀರುತ್ತದೆ.

ನಮ್ಮ ಸ್ಥಿತಿ ಇದಕ್ಕೆ ತಿರುಗುಮುರುಗು. ಅಲ್ಲಿ ದಾರಿಯಿತ್ತು, ನಕ್ಷೆಯಲ್ಲಿರಲಿಲ್ಲ. ಇಲ್ಲಿ ಗ್ರಾಮ ನಕ್ಷೆಯಲ್ಲಿ ಬಂಡಿದಾರಿಯ ಗೆರೆ ಎದ್ದು ಕಾಣುತ್ತದೆ. ದಾರಿ ಮಾತ್ರ ಅಕ್ಕಪಕ್ಕದ ಹೊಲ ಸೇರಿದೆ. ಎತ್ತಿನ ಗಾಡಿ ಹೋಗುತ್ತಿದ್ದ ಕಡೆ ಇಂದು ಟ್ರ್ಯಾಕ್ಟರ್ ನುಗ್ಗದೆ, ಕೊಯ್ದ ಬೆಳೆಯನ್ನು ತಲೆಹೊರೆಯಲ್ಲಿ ಸಾಗಿಸುವ ರೈತರಿದ್ದಾರೆ. ಸಾರ್ವಜನಿಕ ದಾರಿ ಸರ್ಕಾರದ ಸ್ವತ್ತು ಎಂದು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ನಿಮ್ಮೂರಿನ ಗ್ರಾಮ ನಕ್ಷೆ ತರಿಸಿ ನೋಡಿ. ಹಳೆಯ ದಾರಿ ಬಲ್ಲ ಹಿರಿಯರು ಇನ್ನೂ ಇರುವಾಗಲೇ ಅವರ ಜೊತೆ ಆ ಗೆರೆಯಗುಂಟ ಒಮ್ಮೆ ನಡೆಯಿರಿ. ದಾರಿ ಎಲ್ಲಿ ಮುಚ್ಚಿದೆಯೋ ಅಲ್ಲಿಂದಲೇ ತಹಶೀಲ್ದಾರರಿಗೆ ಅರ್ಜಿ ಬರೆಯಿರಿ.