ಎಲ್ಲಿಗೂ ಅಲ್ಲದ ಸವಾರಿ



ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆ ಮುಗಿದು ಹದಿನೈದು ದಿನ ಕಳೆದಿದ್ದವು. ಶ್ರೀಮಠದ ದಾಸೋಹದ ಲೆಕ್ಕ ಬರೆದು ಮುಗಿಸಿ, ಕಿರ್ದಿಯನ್ನು ಕಪಾಟಿನಲ್ಲಿಟ್ಟು, ಸಂಜೆ ಐದರ ಸುಮಾರಿಗೆ ನಾವು ಸ್ಕೂಟರ್ ಹೊರಗೆ ತೆಗೆದೆವು. ಮಠದ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯ ರೈತರೊಬ್ಬರು ಕೇಳಿದರು:

"ಏನ್ ಸೆಕ್ರೆಟರಿ ಸಾಹೇಬ್ರ, ಎಲ್ಲಿಗೆ ಹೊಂಟ್ರಿ?"

"ಎಲ್ಲಿಗಿಲ್ಲ ಮುತ್ಯಾ, ಸುಮ್ನ ಒಂದು ಸುತ್ತು ಹಾಕಿ ಬರೂದು."

ಮುತ್ಯಾ ನಕ್ಕರು. "ಎಣ್ಣಿ ಸುಟ್ಕೋತ ಎಲ್ಲಿಗಿಲ್ಲ ಅಂತೀರಲ್ಲ! ಎತ್ತು ಸೈತ ಕೆಲಸಿಲ್ಲದ ಬದು ದಾಟೂದಿಲ್ಲರಿ."

ಮಾತು ಹಾಸ್ಯದ್ದೇ ಆಗಿತ್ತು. ಆದರೂ ಅದು ನಮ್ಮ ಬೆನ್ನ ಹಿಂದೆ ಕುಳಿತು ದಾರಿಯುದ್ದಕ್ಕೂ ಬಂದಿತು. ಕಾಯಕವನ್ನೇ ಧರ್ಮವೆಂದು ನಂಬಿದ ಸಮಾಜದವರಿಗೆ, ಅದರಲ್ಲೂ ಭಕ್ತರ ಕಾಣಿಕೆಯ ಲೆಕ್ಕ ಬರೆಯುವವರಿಗೆ, ಕೆಲಸವಿಲ್ಲದೆ ಸುತ್ತುವ ಅಧಿಕಾರ ಉಂಟೆ? ಇದು ನಮ್ಮೊಬ್ಬರ ಪ್ರಶ್ನೆಯಲ್ಲ. ಬೆಳಗಿನಿಂದ ರಾತ್ರಿಯವರೆಗೆ ದುಡಿಯುವ ರೈತರಿಗೂ, ಗಲ್ಲಾಪೆಟ್ಟಿಗೆ ಬಿಟ್ಟು ಏಳಲಾರದ ವರ್ತಕರಿಗೂ ಇದು ಎಂದಾದರೊಂದು ದಿನ ಎದುರಾಗುವುದೇ.

ಮೊದಲು ಖರ್ಚಿನ ಮಾತು ಮುಗಿಸೋಣ. ನಮ್ಮದು ತಂದೆಯವರು 1994ರಲ್ಲಿ ಕೊಂಡ ಬಜಾಜ್ ಚೇತಕ್. ರಾಣಾ ಪ್ರತಾಪನ ಕುದುರೆಯ ಹೆಸರು ಹೊತ್ತು 1972ರಲ್ಲಿ ಬಂದ ಈ ಗಾಡಿಗೆ ಒಂದು ಕಾಲದಲ್ಲಿ ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾಯುತ್ತಿದ್ದರು. ಸ್ಕೂಟರ್ ತಯಾರಿಕೆ ನಿಲ್ಲಿಸುವುದಾಗಿ ಕಂಪನಿ 2009ರಲ್ಲಿ ಸಾರಿತು. 2020ರಲ್ಲಿ ಅದೇ ಹೆಸರು ಬ್ಯಾಟರಿ ಗಾಡಿಯಾಗಿ ಮತ್ತೆ ಬಂದಿದೆ. ನಮ್ಮದು ಹಳೆಯದು; ಪೆಟ್ರೋಲಿಗೆ ಆಯಿಲ್ ಬೆರೆಸಬೇಕು, ಮುನಿಸಿಕೊಂಡರೆ ಒಂದು ಮಗ್ಗುಲಿಗೆ ಬಾಗಿಸಿ ಎತ್ತಿ ಕಿಕ್ ಹೊಡೆಯಬೇಕು. ಒಂದು ಸುತ್ತಿಗೆ ಇಪ್ಪತ್ತು ಕಿಲೋಮೀಟರ್, ಅರ್ಧ ಲೀಟರ್. 2021ರಲ್ಲಿ ಮಹಾರಾಷ್ಟ್ರದಲ್ಲಿ ಪೆಟ್ರೋಲ್ ನೂರು ರೂಪಾಯಿ ದಾಟಿದಂದಿನಿಂದ ಸವಾರಿಗೆ ಸುಮಾರು ಐವತ್ತು ರೂಪಾಯಿ ಬೀಳುತ್ತದೆ. ವಾರಕ್ಕೆ ಎರಡು ಸವಾರಿಯಾದರೆ ತಿಂಗಳಿಗೆ ನಾಲ್ಕು ನೂರು. ಅದು ನಮ್ಮ ಸ್ವಂತ ಜೇಬಿನದು. ಮಠದ ಕೆಲಸದ ಓಡಾಟಕ್ಕೆ ಬೇರೆ ಪುಸ್ತಕವಿದೆ, ಯಾರು ಬೇಕಾದರೂ ನೋಡಬಹುದು.

ಆದರೆ ಮುತ್ಯಾ ಕೇಳಿದ್ದು ದುಡ್ಡಿನ ಲೆಕ್ಕವನ್ನಲ್ಲ, ಹೊತ್ತಿನ ಲೆಕ್ಕವನ್ನು.

ಅಕ್ಕಲಕೋಟೆ ಸೀಮೆಯ ರಸ್ತೆಗಳು ತಮಗೆಲ್ಲ ಗೊತ್ತಿದ್ದವೇ. ಒಂದು ದಿನ ಮೈಂದರ್ಗಿಯ ಕಡೆಗೆ, ಒಂದು ದಿನ ನಾಗಣಸೂರಿನ ಕಡೆಗೆ, ಮತ್ತೊಂದು ದಿನ ಬೋರಿ ನದಿಯ ಕುರನೂರ ಧರಣದ ಕಡೆಗೆ ಹೋಗುತ್ತೇವೆ. ಎರಡೂ ಬದಿಗೆ ಬಿಳಿಜೋಳ, ನಡುನಡುವೆ ಕಡಲೆ, ದೂರದಲ್ಲಿ ಕಬ್ಬಿನ ಹಸಿರು. ಫಲಕದ ಮೇಲೆ ಊರ ಹೆಸರು ಮರಾಠಿಯಲ್ಲಿರುತ್ತದೆ, ಕಟ್ಟೆಯ ಮೇಲೆ ಕೇಳುವ ಮಾತು ಕನ್ನಡ. ವೇಗ ಇಪ್ಪತ್ತೈದು, ಹೆಚ್ಚೆಂದರೆ ಮೂವತ್ತು. ಎಡಗೈಗೆ ಕ್ಲಚ್ಚು ಮತ್ತು ಗೇರು, ಬಲಗೈಗೆ ಆಕ್ಸಿಲರೇಟರ್, ಬಲಗಾಲಿಗೆ ಬ್ರೇಕು, ಕಣ್ಣು ರಸ್ತೆಯ ತಗ್ಗಿನ ಮೇಲೆ. ಮೊಬೈಲ್ ಹಿಡಿಯಲು ಕೈ ಉಳಿಯುವುದಿಲ್ಲ, ಲೆಕ್ಕ ಬರೆಯಲು ಪೆನ್ನಿಲ್ಲ. ದೇಹಕ್ಕೆ ಒಂದಿಷ್ಟು ಕೆಲಸ ಸಿಕ್ಕಿರುತ್ತದೆ, ಮನಸ್ಸಿಗೆ ಯಾವ ಕೆಲಸವೂ ಇರುವುದಿಲ್ಲ. ದಿನವಿಡೀ ಕುರ್ಚಿಯಲ್ಲಿ ಕುಳಿತು ಸಿಗದ ವಿಶ್ರಾಂತಿ ಅಲ್ಲಿ ಸಿಗುತ್ತದೆ.

ವಿಶ್ರಾಂತಿ ಮಾತ್ರವೇ ಆಗಿದ್ದರೆ ಈ ಲೇಖನ ಬರೆಯುವ ಕಾರಣವಿರಲಿಲ್ಲ. ಬಿ.ಕಾಂ. ತರಗತಿಯಲ್ಲಿ ನಮಗೆ ಕಲಿಸಿದ ಒಂದು ಪಾಠವನ್ನು ಇಲ್ಲಿ ಹೇಳಬೇಕು. ಲೆಕ್ಕ ಸರಿಯಿದೆಯೆ ಎಂದು ನೋಡಲು ಟ್ರಯಲ್ ಬ್ಯಾಲೆನ್ಸ್ ತೆಗೆಯುತ್ತಾರೆ. ಜಮಾ ಬದಿಯ ಒಟ್ಟು, ಖರ್ಚಿನ ಬದಿಯ ಒಟ್ಟು ತಾಳೆಯಾದರೆ ಗುಮಾಸ್ತ ನಿಟ್ಟುಸಿರು ಬಿಡುತ್ತಾನೆ. ಆದರೆ ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿಯೆಂದು ಅರ್ಥವಲ್ಲ. ಒಂದು ವ್ಯವಹಾರವನ್ನು ಬರೆಯುವುದನ್ನೇ ಮರೆತಿದ್ದರೆ ಎರಡೂ ಬದಿಯಲ್ಲಿ ಅದು ಇರುವುದಿಲ್ಲ, ಹೀಗಾಗಿ ಪಟ್ಟಿ ಚೆನ್ನಾಗಿಯೇ ತಾಳೆಯಾಗುತ್ತದೆ. ಬಿಟ್ಟುಹೋದದ್ದು ಪಟ್ಟಿಗೆ ಗೊತ್ತೇ ಆಗುವುದಿಲ್ಲ. ನಮ್ಮ ದಿನಗಳೂ ಹೀಗೆಯೇ ತಾಳೆಯಾಗುತ್ತ ಹೋಗುತ್ತವೆ. ಬೆಳಿಗ್ಗೆ ಎದ್ದೆವು, ದುಡಿದೆವು, ಪೂಜೆ ಮಾಡಿದೆವು, ಮಲಗಿದೆವು. ಬಿಟ್ಟುಹೋದದ್ದೇನು?

ನಮ್ಮಿಂದ ಬಿಟ್ಟುಹೋದ ಒಂದನ್ನು ಹೇಳುತ್ತೇವೆ. ಬೆಳಗಿನ ಹೊತ್ತು ನಾವು ಒಂದು ಅಡತಿ ಅಂಗಡಿಯ ಲೆಕ್ಕವನ್ನೂ ಬರೆಯುತ್ತೇವೆ. ದಸರೆಯ ನಂತರ ಉದ್ರಿ ಬಾಕಿ ಇದ್ದವರಿಗೆ ಪತ್ರ ಹೋದವು. ನಮ್ಮದೇ ಅಕ್ಷರ. ಹೊತ್ತು ಸಾಲದ್ದಕ್ಕೆ ಕೆಲವನ್ನು ಮಠದ ಮೇಜಿನ ಮೇಲೆಯೇ ಕುಳಿತು ಬರೆದೆವು. ಆ ಪತ್ರ ಪಡೆದವರಲ್ಲಿ ಪ್ರತಿ ಸೋಮವಾರ ತಪ್ಪದೆ ಮಠಕ್ಕೆ ಬರುತ್ತಿದ್ದ ರೈತ ಭಕ್ತರೊಬ್ಬರಿದ್ದರು. ಅವರು ಬರುವುದು ನಿಂತಿತು. ಮೂರು ತಿಂಗಳು ನಾವು ಅದನ್ನು ಗಮನಿಸಲೇ ಇಲ್ಲ. ದಾಸೋಹದ ಲೆಕ್ಕ ಮಾತ್ರ ತಿಂಗಳು ತಿಂಗಳೂ ತಾಳೆಯಾಗುತ್ತಿತ್ತು.

ಮುತ್ಯಾ ನಕ್ಕ ಆ ಸಂಜೆ ನಮ್ಮ ಸ್ಕೂಟರ್ ಅವರ ಹೊಲದ ಮುಂದೆ ಹಾದುಹೋಯಿತು. ಬದುವಿನ ಮೇಲೆ ನಿಂತಿದ್ದವರು ನಮ್ಮನ್ನು ಕಂಡು ಜೋಳದ ಕಡೆಗೆ ಮುಖ ತಿರುಗಿಸಿದರು. ಅರವತ್ತರ ವೇಗದಲ್ಲಿ ಹೋಗಿದ್ದರೆ ಆ ಮುಖವೂ ಕಾಣುತ್ತಿರಲಿಲ್ಲ, ಅದು ತಿರುಗಿದ್ದೂ ಕಾಣುತ್ತಿರಲಿಲ್ಲ. ಇಪ್ಪತ್ತೈದರ ವೇಗದಲ್ಲಿ ಎರಡೂ ಕಂಡವು. ಆದರೂ ಅರ್ಧ ಕಿಲೋಮೀಟರ್ ಮುಂದೆ ಹೋದೆವು. ಹೋದಷ್ಟೂ ಗಾಡಿ ಭಾರವೆನಿಸಿತು. ಕೊನೆಗೆ ತಿರುಗಿಸಿಕೊಂಡು ಬಂದು, ಸ್ಟ್ಯಾಂಡ್ ಹಾಕಿ, ಬದು ಹತ್ತಿದೆವು.

"ಯಾಕ ಅಣ್ಣಾರ, ಮಠದ ಕಡೆ ಬರವಲ್ರಿ?"

ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಬಾಕಿ ಅದರಿ. ಪತ್ರಾ ಬರೆಯೋವ್ರೂ ನೀವ, ಪ್ರಸಾದ ಬಡಿಸೋವ್ರೂ ನೀವ. ಎಲಿ ಮುಂದ ಹೆಂಗ ಕೂಡಲಿ?" ಎಂದರು.

ನಮ್ಮಲ್ಲಿ ಉತ್ತರವಿರಲಿಲ್ಲ. ಅವರು ಜೋಳದ ಎಳೆ ತೆನೆ ಮುರಿದು, ಬೆಂಕಿ ಹಾಕಿ ಸುಟ್ಟು ಸೀತನಿ ಕೊಟ್ಟರು. ತಿಂದು ಬಂದೆವು. ಬಾಕಿಯನ್ನು ಮನ್ನಾ ಮಾಡುವ ಅಧಿಕಾರ ನಮಗಿಲ್ಲ, ಸಾಲ ಸಾಲವೇ. ಮಾಲೀಕರ ಮುಂದೆ ಎರಡು ಕಂತಿನ ಮಾತನ್ನಿಟ್ಟೆವು, ಅವರು ಒಪ್ಪಿದ್ದಾರೆ. ಅಂಗಡಿಯ ಪತ್ರಗಳನ್ನು ಮಠದ ಮೇಜಿನ ಮೇಲೆ ಬರೆಯುವುದನ್ನು ಬಿಟ್ಟಿದ್ದೇವೆ. ಆ ಭಕ್ತರು ಇನ್ನೂ ಮಠಕ್ಕೆ ಬಂದಿಲ್ಲ. ಬರುವರೆಂಬ ಭರವಸೆಯಿದೆ. ಈ ಸಂಗತಿಯನ್ನು ಅವರ ಒಪ್ಪಿಗೆ ಪಡೆದೇ, ಊರು ಮತ್ತು ಹೆಸರು ಬಿಟ್ಟು ಬರೆದಿದ್ದೇವೆ.

ಈಗ ಮುತ್ಯಾನ ಪ್ರಶ್ನೆಗೆ ಬರೋಣ. ಶರಣರು ಸೋಮಾರಿತನವನ್ನು ಒಪ್ಪಲಿಲ್ಲ, ನಿಜ. ಆದರೆ ಅವರು ದುಡಿತದ ಅಮಲನ್ನೂ ಒಪ್ಪಲಿಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ನಮಗೆ ಬೇಕಾದದ್ದು ಇಷ್ಟಲ್ಲವೆಂದು ಲಕ್ಕಮ್ಮನವರು ಅದನ್ನು ಹಿಂದಕ್ಕೆ ಕಳಿಸಿದ ಕಥೆ ನಮಗೆಲ್ಲ ಗೊತ್ತು. ಸಾಕೆಂದು ನಿಲ್ಲುವುದೂ ಕಾಯಕದ ಒಳಗೇ ಇದೆ. ನಮ್ಮ ಸೊಲ್ಲಾಪುರದ ಸಿದ್ಧರಾಮೇಶ್ವರರ ಕಥೆ ಇನ್ನೂ ಹತ್ತಿರದ್ದು. ಕೆರೆ ಕಟ್ಟಿಸುವಂಥ ಪುಣ್ಯದ ಕೆಲಸದಲ್ಲಿ ಮುಳುಗಿದ್ದವರನ್ನು ಅಲ್ಲಮಪ್ರಭುಗಳು ಬಂದು ತಡೆದು ನಿಲ್ಲಿಸಿದ್ದನ್ನು ಶೂನ್ಯಸಂಪಾದನೆ ಹೇಳುತ್ತದೆ. ಕೆರೆ ಕೆಟ್ಟದ್ದೆಂದಲ್ಲ. ಒಳ್ಳೆಯ ಕೆಲಸವೂ ನಮ್ಮನ್ನು ನಾವು ನೋಡಿಕೊಳ್ಳದಂತೆ ಮರೆಮಾಡಬಲ್ಲದು ಎಂಬುದನ್ನು ನಾವು ಅದರಿಂದ ತಿಳಿದುಕೊಂಡಿದ್ದೇವೆ. ಪ್ರಭುಗಳು ನಮ್ಮ ಬಾಗಿಲಿಗೆ ಬರುವಷ್ಟು ಪುಣ್ಯ ನಮಗಿಲ್ಲ. ಆದ್ದರಿಂದ ನಾವೇ ಆಗಾಗ ಕೆಲಸದಿಂದ ಎದ್ದು ಹೊರಗೆ ಹೋಗಬೇಕು.

ಇನ್ನೊಂದು ಆಕ್ಷೇಪವನ್ನು ನಮ್ಮ ಮನೆಯವರೇ ಎತ್ತಿದರು. "ನಿಮ್ಮ ಮನಸ್ಸು ಹಗುರ ಮಾಡ್ಕೊಳ್ಳಾಕ ಸ್ಕೂಟರ್ ಅದ. ನೀವು ತಿರುಗಿ ಬರೂತನಕ ನಾ ರೊಟ್ಟಿ ಬಡೀತೀನಿ. ನನ್ನ ಮನಸ್ಸು ಯಾತರ ಮ್ಯಾಲ ಹತ್ತಬೇಕು?" ಈ ಮಾತಿನಲ್ಲಿ ಎಳ್ಳಷ್ಟೂ ಸುಳ್ಳಿಲ್ಲ. ಒಬ್ಬರ ಬಿಡುವು ಇನ್ನೊಬ್ಬರ ದುಡಿಮೆಯ ಮೇಲೆ ನಿಂತಿದ್ದರೆ ಅದೂ ಉದ್ರಿಯೇ, ತೀರಿಸಬೇಕು. ಈಗ ವಾರದ ಎರಡು ಸವಾರಿಗಳಲ್ಲಿ ಒಂದು ಅವರದು. ಅಂದು ಮಧ್ಯಾಹ್ನದ ರೊಟ್ಟಿಯೇ ರಾತ್ರಿಗೆ, ದಾರಿ ಅವರು ಹೇಳಿದ್ದು.

ಸ್ಕೂಟರೇ ಬೇಕೆಂದು ನಾವು ಹೇಳುವುದಿಲ್ಲ. ರೈತರಿಗೆ ಕೆಲಸವಿಲ್ಲದ ಹೊತ್ತಿನಲ್ಲಿ ಹೊಲಕ್ಕೆ ಹಾಕುವ ಒಂದು ಸುತ್ತು ಸಾಕು. ವರ್ತಕರು ಅಂಗಡಿಯ ಶಟರ್ ಎಳೆದ ಮೇಲೆ ಹತ್ತಿರದ ದಾರಿ ಬಿಟ್ಟು ದೂರದ ಓಣಿಯಿಂದ ಮನೆಗೆ ನಡೆದರೆ ಸಾಕು. ನಿಧಾನವಾಗಿರಬೇಕು, ಕೈಯಲ್ಲಿ ಮೊಬೈಲ್ ಇರಬಾರದು. ದಾರಿಯಲ್ಲಿ ಯಾರಾದರೂ ಮುಖ ತಿರುಗಿಸಿದರೆ ನಿಲ್ಲುವ ಮನಸ್ಸಿರಬೇಕು. ಮಾರ್ಚ್ 31ಕ್ಕೆ ಅಂಗಡಿಯ ಲೆಕ್ಕ ಮುಗಿಸಲೇಬೇಕಾಗುತ್ತದೆ. ಈ ಲೆಕ್ಕಕ್ಕೆ ಅಂಥ ತಾರೀಖಿಲ್ಲ, ಆದ್ದರಿಂದಲೇ ಇದು ಉಳಿದುಹೋಗುತ್ತದೆ.

ಕಳೆದ ವಾರ ನಾವು ಸ್ಕೂಟರ್ ತೆಗೆದಾಗ ಅದೇ ಮುತ್ಯಾ ಕಟ್ಟೆಯಿಂದ ಇಳಿದು ಬಂದು, ಧೋತರ ಎತ್ತಿ ಕಟ್ಟಿ ಹಿಂದೆ ಕುಳಿತರು.

"ಎಲ್ಲಿಗೆ ಬಿಡ್ಲಿ ಮುತ್ಯಾ?" ಎಂದು ಕೇಳಿದೆವು.

"ಎಲ್ಲಿಗಿಲ್ಲ, ನಡೀರಿ" ಎಂದರು.